ನಮ್ಮ ಪಿಯಾನೋ ಬೀಗರು

ಕೆಲವರ ಮನೆಗೆ ಹೋಗಿಬಂದರೆ ಹೊಟ್ಟೆ ತುಂಬಿರುತ್ತದೆ. ನಮ್ಮ ಬೀಗರ ಮನೆಗೆ ಹೋಗಿಬಂದರೆ ಹೊಟ್ಟೆಯ ಜೊತೆಗೆ, ಬಂದವರಿಗೆ ಹೇಳಲು ಒಂದು ಸಂಗತಿಯೂ ಸಿಕ್ಕಿರುತ್ತದೆ. ಎಂಟು ವರ್ಷದ ಬೀಗತನದಲ್ಲಿ ನಾನು ಒಮ್ಮೆಯೂ ಬರಿಗೈಯಲ್ಲಿ ತಿರುಗಿ ಬಂದಿಲ್ಲ. ಅವರೇನೂ ಬೇಕೆಂದು ಮಾಡುವವರಲ್ಲ, ನಾವೂ ಅಲ್ಲ. ಅವರು ಪಿಯಾನೋ ಬಾರಿಸುವವರು, ನಾವು ಪೂಜೆ ಪುನಸ್ಕಾರದವರು. ಎರಡೂ ಒಂದೇ ಕೋಣೆಯಲ್ಲಿ ಕೂತರೆ ಏನಾದರೊಂದು ಆಗಿಯೇ ತೀರುತ್ತದೆ.

ನಾನು ಬೆಳಗಾವಿ ಕಡೆಯ ಹಳ್ಳಿಯವನು. ಊರ ಶಾಲೆಯಲ್ಲಿ ಕಲಿತದ್ದನ್ನು ಕಟ್ಟಿಕೊಂಡು ಪುಣೆಗೆ ಬಂದು, ಖಡಕಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಶನಿವಾರ ಒಪ್ಪೊತ್ತು, ಸಂಜೆ ಮಾರುತಿ ಗುಡಿಯಲ್ಲಿ ನಮ್ಮ ಕಡೆಯ ಜನರ ಭಜನೆ. ಬೀಗರು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಬೆಳೆದವರು. ಅಲ್ಲಿಯ ಚರ್ಚಿನಲ್ಲಿ ಪಿಯಾನೋ ಬಾರಿಸುತ್ತಿದ್ದ ಮುದುಕಿ ಟೀಚರೊಬ್ಬರ ಕೈಯಲ್ಲಿ ಕಲಿತು, ಇಪ್ಪತ್ತಕ್ಕೆ ಹಡಗು ಹತ್ತಿದರು. ಹಡಗಿನ ಬ್ಯಾಂಡು, ಆಮೇಲೆ ಮುಂಬಯಿ, ಆಮೇಲೆ ಪುಣೆ. ಜಾಝ್ ಅಂತ ಒಂದು ಸಂಗೀತ ಇದೆಯಲ್ಲ, ಅದನ್ನು ಬಾರಿಸುವವರು. ಬರೀ ಬಾರಿಸುವುದಲ್ಲ, ಹೊಸ ಹಾಡುಗಳನ್ನು ಕಟ್ಟುವವರು.

ಜಾಝ್ ಎಂದರೇನೆಂದು ನಾನು ಒಮ್ಮೆ ವಿನಯದಿಂದಲೇ ಕೇಳಿದ್ದೆ.

"ಒಂದು ಹಾಡು ಇರ್ತದ ಬೀಗರ. ಎಲ್ಲಾರೂ ಕೂಡಿ ಸುರು ಮಾಡ್ತೀವಿ. ಆಮ್ಯಾಲ ಒಬ್ಬೊಬ್ಬರು ತಮಗ ತಿಳಿದ ಹಾದಿ ಹಿಡದು ಹೋಗ್ತೀವಿ. ಕಡೀಕ ತಿರುಗಿ ಎಲ್ಲಾರೂ ಅದ ಹಾಡಿಗೆ ಬಂದು ಕೂಡ್ತೀವಿ" ಎಂದರು.

ನಾವು ಅಣ್ಣತಮ್ಮಂದಿರು ಸೇರಿ ಕಾಶಿಗೆ ಹೋದದ್ದು ನೆನಪಾಯಿತು. ಕಡೆಗೆ ಬಂದು ಕೂಡಿದ್ದೊಂದು ಬಿಟ್ಟರೆ ಉಳಿದದ್ದೆಲ್ಲ ಹಾಗೇ ಆಗಿತ್ತು.

ಹೆಣ್ಣು ನೋಡಲು ಹೋದದ್ದು

ನಮ್ಮ ಮಗನಿಗೆ ಹೆಣ್ಣು ನೋಡಲು ಕೊಂಢವಾದಲ್ಲಿರುವ ಅವರ ಮನೆಗೆ ಹೋದೆವು. ನಾನು, ನನ್ನ ಹೆಂಡತಿ, ಮಗ, ಮತ್ತು ನಮ್ಮ ಅಕ್ಕ. ಅಕ್ಕ ಎಂದರೆ ನಮ್ಮ ಮನೆತನದ ಹೈಕೋರ್ಟು. ಅವಳು ಹೂಂ ಅನ್ನದೆ ನಮ್ಮಲ್ಲಿ ಬಾಗಿಲಿಗೆ ಹೊಸ ಪರದೆ ಕೂಡ ಬರುವುದಿಲ್ಲ.

ಅವಲಕ್ಕಿ, ಚಹಾ ಆಯಿತು. ಅಕ್ಕ ಪದ್ಧತಿಯಂತೆ ಹುಡುಗಿಗೆ, "ಒಂದು ಹಾಡು ಅನ್ನವಾ ತಂಗಿ" ಎಂದಳು.

ಹುಡುಗಿ ನಾಚಿಕೊಂಡು, "ನನಗ ಬರೂದಿಲ್ರಿ ಅತ್ತಿ, ನಮ್ಮ ಪಪ್ಪಾ ಬಾರಸ್ತಾರ" ಎಂದಳು.

ಹೆಣ್ಣು ನೋಡಲು ಹೋದಾಗ ಹೆಣ್ಣಿನ ಅಪ್ಪ ಹಾಡುವುದನ್ನು ನಾವ್ಯಾರೂ ಕಂಡಿರಲಿಲ್ಲ. ಆದರೆ ಬೇಡ ಅನ್ನುವುದು ಹೇಗೆ? ಬೀಗರಾಗಲಿರುವವರು ಎದ್ದು ಹೋಗಿ ಪಿಯಾನೋದ ಮುಂದೆ ಕೂತರು. ಚಂದದ ಒಂದು ಹಾಡು ಶುರುವಾಯಿತು. ಎರಡು ನಿಮಿಷಕ್ಕೆ ನಿಂತಿತು. ಅಕ್ಕ, "ಭಾಳ ಚಲೋ ಆತು" ಎಂದು ಹುಡುಗಿಯ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಎತ್ತಿಕೊಂಡು ಎದ್ದಳು. ಅಷ್ಟರಲ್ಲಿ ಪಿಯಾನೋ ಮತ್ತೆ ಹೊರಟಿತು. ಅಕ್ಕ ಕೂತಳು. ಮತ್ತೆ ನಿಂತಿತು, ಅಕ್ಕ ಎದ್ದಳು. ಮತ್ತೆ ಹೊರಟಿತು, ಅಕ್ಕ ಕೂತಳು. ನಾಲ್ಕು ಸಲ ಹೀಗಾಯಿತು. ಅಕ್ಕನಿಗೆ ಮೊಣಕಾಲು ನೋವು ಬೇರೆ. ಐದನೆಯ ಸಲ ಅವಳು ಏಳುವುದೂ ಬೇಡ, ಕೂಡುವುದೂ ಬೇಡ ಎಂದು ಅರ್ಧಕ್ಕೇ, ಕುರ್ಚಿಯ ಕೈ ಹಿಡಿದುಕೊಂಡು ನಿಂತಳು.

ಬೀಗರು ಕಣ್ಣು ಮುಚ್ಚಿಕೊಂಡು ಒಂದು ಕೈಯನ್ನು ಈ ತುದಿಯಿಂದ ಆ ತುದಿಯವರೆಗೆ ಓಡಿಸುತ್ತಿದ್ದರು. ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು, "ಏನೋ ಕಳಕೊಂಡಾರೇನೋ ಪಾಪ? ಹುಡುಕ್ಲಿಕ್ಕೆ ಹತ್ಯಾರಲ್ಲ!"

"ಸುಮ್ನಿರು ಅಕ್ಕಾ, ಅದು ಹಂಗ ಇರ್ತದಂತ."

ಹನ್ನೊಂದನೆಯ ನಿಮಿಷಕ್ಕೆ ಹಾಡು ಮುಗಿಯಿತು. ಉಡಿ ತುಂಬಿದೆವು. ರಿಕ್ಷಾದಲ್ಲಿ ಬರುವಾಗ ಎಲ್ಲರೂ ಅಕ್ಕನ ಬಾಯಿಯನ್ನೇ ನೋಡುತ್ತಿದ್ದೆವು. ಮಗನ ಮುಖವಂತೂ ಬಾಡಿಹೋಗಿತ್ತು. ವಾನವಡಿ ದಾಟಿದ ಮೇಲೆ ಅಕ್ಕ ತೀರ್ಪು ಕೊಟ್ಟಳು:

"ಹುಡುಗಿ ನನಗ ಒಪ್ಪಿಗಿ. ಅಪ್ಪಗ ಹಾಡಿನ್ನೂ ಪೂರಾ ಬಾಯಿಪಾಠ ಆಗಿಲ್ಲ, ನಿಂತ ನಿಂತ ನೆನಪು ಮಾಡಿಕೊಳ್ತಾರ. ಆದರ ನಮಗೇನು, ಅವರನ್ನ ಮನಿ ತುಂಬಿಸಿಕೊಳ್ಳೋದದ ಏನು?"

ಚಹಾ ಹೊತ್ತಿನ ಪಿಯಾನೋ

ಬೀಗರು ಪುಣೆಯ ಕ್ಯಾಂಪ್ ಬಡಾವಣೆಯ ದೊಡ್ಡ ಹೋಟೆಲೊಂದರಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ಬಾರಿಸುತ್ತಾರೆ. ಜನ ಚಹಾ ಕುಡಿಯುತ್ತ, ಬಿಸ್ಕೀಟು ಮುರಿಯುತ್ತ, ಫೋನಿನಲ್ಲಿ ಮಾತಾಡುತ್ತ ಕೂತಿರುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಅನಿಸಿತು: ಬೀಗರು ದಿನಾಲೂ ಸೇವೆ ಮಾಡುತ್ತಾರೆ, ನಾವು ಒಂದು ದಿನವೂ ಹೋಗಿ ಕೂತಿಲ್ಲ, ಇದು ಮರ್ಯಾದೆಯಲ್ಲ. ಒಂದು ಶನಿವಾರ ಮಧ್ಯಾಹ್ನವೇ ಧೋತರ ಉಟ್ಟು, ಟೋಪಿ ಇಟ್ಟುಕೊಂಡು, ಬರಿಗೈಯಲ್ಲಿ ಹೋಗಬಾರದೆಂದು ತೆಂಗಿನಕಾಯಿ ಮತ್ತು ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡು ಹೋದೆ.

ಅಲ್ಲಿ ಎಲ್ಲ ಕುರ್ಚಿಗಳೂ ಕಿಟಕಿಯ ಕಡೆ, ಅಥವಾ ಒಂದಕ್ಕೊಂದು ಎದುರಾಗಿ ಇದ್ದವು. ಪಿಯಾನೋದ ಕಡೆ ಮುಖ ಮಾಡಿದ ಕುರ್ಚಿ ಒಂದೂ ಇಲ್ಲ. ನನಗೆ ಸರಿಕಾಣಲಿಲ್ಲ. ಒಂದು ಕುರ್ಚಿ ತಿರುಗಿಸಿ ಬೀಗರ ಎದುರಿಗೆ ಹಾಕಿಕೊಂಡೆ. ಕಾಯಿ ಹಣ್ಣನ್ನು ಪಿಯಾನೋದ ಮೇಲೆ ಇಟ್ಟೆ. ಸಂಗೀತದ ಮುಂದೆ ಚಪ್ಪಲಿ ಹಾಕಿಕೊಂಡು ಕೂಡಬಾರದಲ್ಲ. ಬಿಟ್ಟು, ಪಿಯಾನೋದ ಕಾಲಿನ ಬದಿಗೆ ಸರಿಸಿ, ಕೈ ಜೋಡಿಸಿ ಕೂತೆ. ನನ್ನನ್ನು ನೋಡಿ ಬೀಗರ ಬೆರಳು ಒಂದು ಗಳಿಗೆ ತಪ್ಪಿತು, ಆಮೇಲೆ ಸುಧಾರಿಸಿಕೊಂಡರು.

ಸ್ವಲ್ಪ ಹೊತ್ತಿಗೆ ಒಬ್ಬ ಬಿಳಿಯ ಸಾಹೇಬ, ಅವನ ಹೆಂಡತಿ ಹತ್ತಿರ ಬಂದರು. ನನ್ನ ಚಪ್ಪಲಿ ನೋಡಿದರು, ತೆಂಗಿನಕಾಯಿ ನೋಡಿದರು, ನನ್ನ ಹಣೆಯ ಗಂಧ ನೋಡಿದರು. ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ಬೂಟು ಬಿಚ್ಚಿ, ನನ್ನ ಚಪ್ಪಲಿಯ ಪಕ್ಕದಲ್ಲಿ ಸಾಲಾಗಿ ಇಟ್ಟು, ಕೈ ಜೋಡಿಸಿ ನಿಂತರು. ಬಂದವರಿಗೆ ಏನಾದರೂ ಕೊಡಬೇಕಲ್ಲ ಎಂದು ನಾನು ಒಂದೊಂದು ಬಾಳೆಹಣ್ಣು ಕೊಟ್ಟೆ. ಅದನ್ನು ನೋಡಿ ಒಂದು ಗುಜರಾತಿ ಸಂಸಾರ ಬಂತು. ಆಮೇಲೆ ಇಬ್ಬರು ವ್ಯಾಪಾರದವರು. ಹೋಟೆಲಿನ ಮ್ಯಾನೇಜರ್ ಓಡಿ ಬರುವ ಹೊತ್ತಿಗೆ ಪಿಯಾನೋದ ಕೆಳಗೆ ನನ್ನದು ಬಿಟ್ಟು ಹನ್ನೊಂದು ಜೊತೆ ಬೂಟು ಚಪ್ಪಲಿ ಇದ್ದವು.

ಮ್ಯಾನೇಜರ್ ನನ್ನನ್ನು ಮೆಲ್ಲಗೆ ಕೇಳಿದ, "ಆಪಣ ಕೋಣತ್ಯಾ ರೂಮಚೇ?" ಯಾವ ರೂಮಿನವರು ನೀವು ಅಂತ.

"ನಾನು ರೂಮಿನವನಲ್ಲ, ಬೀಗ" ಎಂದು ನಿಧಾನವಾಗಿ ಮರಾಠಿಯಲ್ಲಿ ತಿಳಿಸಿ ಹೇಳಿದೆ. ಅವನಿಗೂ ಒಂದು ಬಾಳೆಹಣ್ಣು ಕೊಟ್ಟೆ.

ಆರು ಗಂಟೆಗೆ ಇಬ್ಬರೂ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಅಂದು ಬೀಗರು ಮನಸ್ಸು ಬಿಚ್ಚಿ ಮಾತಾಡಿದರು. "ನಲವತ್ತು ವರ್ಷ ಆತು ಬೀಗರ, ಮಂದಿಯ ಹಾಡು ಬಾರಸ್ಲಿಕ್ಕೆ ಹತ್ತಿ. ನಾನು ಕಟ್ಟಿದ್ದು ಒಂದು ಪೆಟ್ಟಿಗಿ ತುಂಬ ಅದ. ನಡುವ ಒಂದೊಂದು ಸೇರಿಸ್ತೀನಿ. ಸುರು ಮಾಡಿದ್ದು ಕಾಣ್ತಾರ, ಮುಗಿಸೂದರಾಗ ಚಹಾ ಮುಗದು ಎದ್ದು ಹೋಗಿರ್ತಾರ. ನನಗ ಮತ್ತೇನೂ ಬ್ಯಾಡ. ಸಾಯೂದರಾಗ ಒಮ್ಮೆ, ಒಂದ ಒಂದು ಸಲ, ನನ್ನ ಹಾಡು ಮುಗಿಯೂತನಕ ಯಾರೂ ಏಳಬಾರದು."

ಸಮಾಧಾನ ಮಾಡಲು, "ಇವತ್ತು ಹನ್ನೊಂದು ಮಂದಿ ನಿಂತಿದ್ದರಲ್ರೀ" ಎಂದೆ.

"ಹೌದ್ರಿ, ನಾನೂ ಹಿಗ್ಗಿದೆ" ಎಂದರು ಬೀಗರು. "ಹನ್ನೆರಡನೇ ಬಾಳೆಹಣ್ಣು ತೀರಿತು ನೋಡ್ರಿ, ಒಬ್ಬರೂ ಉಳೀಲಿಲ್ಲ."

ಮೂಲಾ ನಕ್ಷತ್ರದ ಹಾಡು

ಈ ಮಾತನ್ನು ನಾನು ಮನೆಯಲ್ಲಿ ಹಲವು ಸಲ ಹೇಳಿಕೊಂಡಿದ್ದೆ. ಹೋದ ವರ್ಷ ಸೊಸೆ, ಅಂದರೆ ಬೀಗರ ಮಗಳು, ಮತ್ತು ನಮ್ಮ ಮಗ ಇಬ್ಬರೂ ಸೇರಿ ಕ್ಯಾಂಪಿನಲ್ಲಿ ಒಂದು ಸಣ್ಣ ಸಭಾಗೃಹ ಹಿಡಿದರು. ದಸರೆ ಮುಗಿದ ಮೇಲಿನ ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ. ಬೀಗರದೇ ಐದು ಹಾಡು, ಜೊತೆಗೆ ಅವರ ಹಳೆಯ ಗೆಳೆಯರಿಬ್ಬರು: ಡ್ರಮ್ಮಿನವರು ಒಬ್ಬರು, ಆಳೆತ್ತರದ ಪಿಟೀಲಿನಂಥ ಬಾಸು ಹಿಡಿದು ನಿಲ್ಲುವವರು ಒಬ್ಬರು. ಪ್ರವೇಶ ಎಲ್ಲರಿಗೂ ಮುಕ್ತ.

ಕರಪತ್ರ ಅಚ್ಚು ಹಾಕಿಸಲು ಹೋದರೆ ಒಂದು ತೊಡಕು. ಹಾಡುಗಳಿಗೆ ಹೆಸರೇ ಇಲ್ಲ. ಬೀಗರು ಎಲ್ಲಕ್ಕೂ ನಂಬರು ಬರೆದಿಟ್ಟಿದ್ದರು. ಹದಿನಾಲ್ಕು, ಇಪ್ಪತ್ತೆರಡು, ಇಪ್ಪತ್ತಾರು ಅಂತ.

"ಹಡೆದ ಮಕ್ಕಳಿಗೆ ನಂಬರ್ ಇಡ್ತಾರೇನ್ರಿ ಬೀಗರ?" ಎಂದೆ.

"ನನಗ ಹೆಸರು ಹೊಳಿಯೂದುಲ್ಲ. ನೀವ ಇಡ್ರಿ" ಎಂದು ಪೆಟ್ಟಿಗೆಯನ್ನು ನನ್ನ ಮುಂದೆ ಇಟ್ಟುಬಿಟ್ಟರು.

ನನಗೆ ಹೆಸರಿಡುವುದು ಗೊತ್ತಿರುವುದು ಒಂದೇ ರೀತಿಯಲ್ಲಿ. ಪಂಚಾಂಗ ತಂದೆ. ಪ್ರತಿ ಹಾಡನ್ನೂ ಯಾವ ದಿನ, ಎಷ್ಟು ಹೊತ್ತಿಗೆ ಕಟ್ಟಿ ಮುಗಿಸಿದಿರಿ ಎಂದು ಕೇಳಿದೆ. ಪುಣ್ಯಕ್ಕೆ ಬೀಗರು ಪ್ರತಿ ಹಾಳೆಯ ಮೂಲೆಯಲ್ಲೂ ದಿನ, ಗಂಟೆ ಬರೆದಿದ್ದರು. ಒಂದು ಹಾಡು ರೋಹಿಣಿ, ಒಂದು ಹಸ್ತ, ಒಂದು ಅನುರಾಧಾ. ನಕ್ಷತ್ರದ ಅಕ್ಷರ ಹಿಡಿದು ವಸಂತ, ಷಣ್ಮುಖ, ನಾರಾಯಣ ಎಂದು ಹೆಸರಿಡುತ್ತ ಹೋದೆ. ಬೀಗರು, "ಇದು ಭಾಳ ಮೋಡರ್ನ್ ಆತು" ಎಂದು ಮೆಚ್ಚಿಕೊಂಡರು. ಕಡೆಯದು ಹೊಚ್ಚ ಹೊಸ ಹಾಡು, ಮೂರು ತಿಂಗಳು ತಿದ್ದಿ ಹಿಂದಿನ ದಿನವಷ್ಟೇ ಬರೆದು ಮುಗಿಸಿದ್ದು. ಲೆಕ್ಕ ಹಾಕಿ ನೋಡಿದರೆ ಮೂಲಾ ನಕ್ಷತ್ರ, ಒಂದನೆಯ ಚರಣ.

ನಾನು ಪಂಚಾಂಗ ಮುಚ್ಚಿ, "ಮೂಲಾ" ಎಂದೆ. ನನ್ನ ಹೆಂಡತಿಗೆ ಗಾಬರಿಯಾಯಿತು. "ಮೂಲಾನಾ? ಹಂಗಾದರ ತಂದಿ ಇಪ್ಪತ್ತೇಳು ದಿನ ಮಗುವಿನ ಮಾರಿ ನೋಡಬಾರದು!"

"ಯಾರು ತಂದಿ?" ಎಂದರು ಬೀಗರು.

"ನೀವ ಅಲ್ಲೇನ್ರಿ!"

ಕಾರ್ಯಕ್ರಮಕ್ಕೆ ಉಳಿದಿದ್ದದ್ದು ಹದಿನೇಳು ದಿನ. ಅದೇ ಹಾಡು ಅಂದಿನ ಮುಖ್ಯ ಹಾಡು. ಇಷ್ಟು ವರ್ಷಕ್ಕೆ ಕೂಡಿಬಂದ ಒಂದು ಮಧ್ಯಾಹ್ನಕ್ಕೆ ದೋಷ ತಗುಲಬಾರದಲ್ಲ. ನನ್ನ ಹೆಂಡತಿಯೇ ದಾರಿ ತೋರಿಸಿದಳು. ಇದಕ್ಕೆ ಶಾಂತಿ ಇದೆ: ತಂದೆ ಮಗುವಿನ ಮುಖವನ್ನು ಮೊದಲು ತುಪ್ಪದಲ್ಲಿ ನೋಡಿದರೆ ಸಾಕು. ಅಗಲವಾದ ಕಂಚಿನ ಬಟ್ಟಲಲ್ಲಿ ತುಪ್ಪ ಕಾಸಿ ತಂದು ಪಿಯಾನೋದ ಪಕ್ಕದಲ್ಲಿ ಇಟ್ಟಳು. ನಾನು ಹಾಳೆಯನ್ನು ಬೀಗರಿಗೆ ಕಾಣದ ಹಾಗೆ ಬಟ್ಟಲಿನ ಮೇಲೆ ಬಗ್ಗಿಸಿ ಹಿಡಿದೆ. ಬೀಗರು ಕನ್ನಡಕ ಏರಿಸಿ ತುಪ್ಪದೊಳಗೆ ಬಗ್ಗಿ ನೋಡಿದರು. ನೋಡುತ್ತ ನೋಡುತ್ತ ಅವರ ಹುಬ್ಬು ಗಂಟಿಕ್ಕಿತು. ತುಪ್ಪದಲ್ಲಿ ಎಲ್ಲ ತಿರುಗುಮುರುಗಾಗಿ, ಹಿಂದಿನದು ಮುಂದೆ ಕಾಣುತ್ತಿತ್ತು. ಅವರು ತುಪ್ಪದ ಮೇಲಿನ ಕಣ್ಣು ತೆಗೆಯದೆ, ಎಡಗೈಯನ್ನು ಪಿಯಾನೋಕ್ಕೆ ಚಾಚಿ ಕಂಡ ಹಾಗೆಯೇ ಬಾರಿಸಿದರು. ಇನ್ನೊಮ್ಮೆ ಬಾರಿಸಿದರು.

ನಾವಿಬ್ಬರೂ ಉಸಿರು ಹಿಡಿದುಕೊಂಡು, "ದೋಷ ಹೋತೇನ್ರಿ?" ಎಂದು ಕೇಳಿದೆವು.

ಬೀಗರು ತಲೆ ಎತ್ತಿದರು. ಮೂಗಿನ ತುದಿಗೆ ತುಪ್ಪ ಹತ್ತಿತ್ತು.

"ಹಾಡಿನ್ಯಾಗ ಇದ್ದ ದೋಷನೂ ಹೋತು" ಎಂದರು. "ಮೂರು ತಿಂಗಳಿಂದ ಎಲ್ಲಿ ತಪ್ಪೇದ ಅಂತ ಹುಡುಕ್ಲಿಕ್ಕೆ ಹತ್ತಿದ್ದೆ. ಇದು ಹಿಂದಿನಿಂದ ಸುರು ಆಗೂ ಹಾಡು! ಉಳಿದ ನಾಲ್ಕೂ ತರ್ರಿ, ಅವನ್ನೂ ತುಪ್ಪದಾಗ ಹಿಡಿಯೂಣು."

ಖಂಡೇನವಮಿ

ಕಾರ್ಯಕ್ರಮಕ್ಕೆ ಬೀಗರೂ ಗೆಳೆಯರಿಬ್ಬರೂ ಕೂಡಿ ತಾಲೀಮು ಮಾಡಬೇಕಿತ್ತು. ಮೂವರಿಗೂ ಬಿಡುವಾದ ದಿನ ಒಂದೇ, ಅದು ಖಂಡೇನವಮಿ. ನಮ್ಮ ಕಡೆ ಆ ದಿನ ಕೊಡಲಿ ಕುಡುಗೋಲಿನಿಂದ ಹಿಡಿದು ಮೋಟಾರ್ ಸೈಕಲ್ಲಿನವರೆಗೆ ಮನುಷ್ಯನಿಗೆ ಅನ್ನ ಕೊಡುವ ಎಲ್ಲ ಸಾಧನಗಳಿಗೂ ಪೂಜೆ. ಪೂಜೆಗೆ ಕೂಡಿಸಿದ ಮೇಲೆ ಮರುದಿನ ಬನ್ನಿ ಮುಡಿಯುವವರೆಗೆ ಅವನ್ನು ಮುಟ್ಟುವಂತಿಲ್ಲ.

ಬೀಗರ ಮನೆಯಲ್ಲಿ ಈ ಪದ್ಧತಿ ಬಿಟ್ಟುಹೋಗಿತ್ತು. ಬೀಗಿತಿ, "ನನಗ ನೆನಪಿಲ್ಲ, ನೀವ ಬಂದು ಮಾಡ್ರಿ" ಎಂದರೆಂದು ನನ್ನ ಹೆಂಡತಿ ಬೆಳಿಗ್ಗೆ ಏಳಕ್ಕೇ ಕೊಂಢವಾಕ್ಕೆ ಹೋದಳು, ಜೊತೆಗೆ ನಾನು. ಬೀಗರು ಹಾಲು ತರಲು ಹೋಗಿದ್ದರು. ಡ್ರಮ್ಮು, ಬಾಸು ಎರಡನ್ನೂ ಹಿಂದಿನ ದಿನವೇ ತಂದು ಅಲ್ಲಿ ಇಟ್ಟಿದ್ದರು. ನನ್ನ ಹೆಂಡತಿ ಅರ್ಧಮರ್ಧ ಕೆಲಸ ಮಾಡುವವಳಲ್ಲ. ಪಿಯಾನೋದ ಮುಚ್ಚಳ ಹಾಕಿ, ಅರಿಷಿಣ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಸುತ್ತಿ, ಐದೆಳೆ ದಾರ ಕಟ್ಟಿದಳು. ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಕಾಯಿ ಇಟ್ಟಳು. ಬಾಸು ಹೆಂಗಸಿನ ಆಕಾರದಲ್ಲಿದೆ ಎಂದು ಅದಕ್ಕೆ ಖಣ ಉಡಿಸಿ ಉಡಿ ತುಂಬಿದಳು.

ಹತ್ತು ಗಂಟೆಗೆ ಗೆಳೆಯರಿಬ್ಬರೂ ಬಂದರು. ಬಾಸಿನವರು ಖಣ ಉಟ್ಟು ನಿಂತ ತಮ್ಮ ವಾದ್ಯವನ್ನು ನೋಡಿ, ಇನ್ನೊಬ್ಬರ ಮನೆಗೆ ತಪ್ಪಿ ಬಂದವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದರು.

"ಬಿಚ್ಚೋಣವೇ?" ಎಂದು ಡ್ರಮ್ಮಿನವರು ದಾರಕ್ಕೆ ಕೈ ಹಾಕಿದರು.

"ಮುಟ್ಟಿದರ ನೋಡ್ರಿ!" ಎಂದಳು ನನ್ನ ಹೆಂಡತಿ. ಆ ದನಿಗೆ ನಾನೇ ಮೂವತ್ತೆಂಟು ವರ್ಷದಿಂದ ಕೈ ಹಿಂದೆ ತೆಗೆಯುತ್ತ ಬಂದಿದ್ದೇನೆ.

ಬೀಗರು ದೊಡ್ಡ ಮನಸ್ಸಿನವರು, ನನ್ನ ಹೆಂಡತಿಯ ಮಾತು ಮೀರಲಿಲ್ಲ. ಮೂವರೂ ಊಟದ ಮೇಜಿನ ಸುತ್ತ ಕೂತರು. ಬೀಗರು ಮೇಜಿನ ಅಂಚಿನ ಮೇಲೆಯೇ ಹತ್ತು ಬೆರಳು ಓಡಿಸತೊಡಗಿದರು. ಡ್ರಮ್ಮಿನವರು ತಮ್ಮ ತೊಡೆ ತಟ್ಟಿಕೊಂಡರು. ಬಾಸಿನವರು ಎದ್ದು ನಿಂತು, ಇಲ್ಲದ ವಾದ್ಯವನ್ನು ತಬ್ಬಿಕೊಂಡು ಗಾಳಿಯನ್ನು ಮೀಟಿದರು. ಬಾಯಲ್ಲಿ ಮೂವರದೂ ಮೆಲ್ಲಗೆ ಹೂಂ ಹೂಂ. ಎರಡು ತಾಸು ಬೆವರು ಸುರಿಯುವಂತೆ ತಾಲೀಮು ನಡೆಯಿತು. ನಡುವೆ ಒಮ್ಮೆ ಬೀಗರು ಸಿಟ್ಟಿಗೆದ್ದು ಬಾಸಿನವರಿಗೆ, "ನೀ ತಪ್ಪು ತಂತಿ ಮುಟ್ಟಿದಿ!" ಎಂದರು. ಅವರು ಗಾಳಿಯಲ್ಲಿ ಕೈ ಎರಡು ಬೆರಳು ಮೇಲೆ ಸರಿಸಿ, "ಸಾರಿ" ಎಂದರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಮರಾಠಿ ಕಾಕೂ. ಹನ್ನೊಂದು ವರ್ಷದಿಂದ, ಪಿಯಾನೋದ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ವಾರಕ್ಕೊಮ್ಮೆ ಮೆಟ್ಟಿಲು ಹತ್ತಿ ಬಂದು ಜಗಳವಾಡಿ ಹೋಗುವವರು. ಬೀಗರು ಮೇಜಿನ ಮೇಲಿನ ಕೈ ತೆಗೆದರು. ಆದರೆ ಅಂದು ಕಾಕೂನ ಕೈಯಲ್ಲಿ ಶ್ರೀಖಂಡದ ಬಟ್ಟಲು ಇತ್ತು.

"ಭಾವೂಜೀ, ಆಜ್ ಖೂಪ್ ಛಾನ್ ವಾಜವಲಂತ" ಎಂದರು. ಇವತ್ತು ಬಹಳ ಚೆನ್ನಾಗಿ ಬಾರಿಸಿದಿರಿ ಅಂತ. "ಇಷ್ಟು ವರ್ಷದ ಅಭ್ಯಾಸ ಕಡೆಗೂ ಕೈಗೆ ಹತ್ತಿತು ನೋಡಿ!"

ಆ ಭಾನುವಾರ

ಕಾರ್ಯಕ್ರಮದ ದಿನ ಎರಡೂಮುಕ್ಕಾಲಿಗೆ ನಾನು ಸಭಾಗೃಹದ ಬಾಗಿಲಲ್ಲಿದ್ದೆ. ಒಳಗೆ ಅರವತ್ತು ಕುರ್ಚಿ, ಕೂತವರು ನಾಲ್ಕು ಜನ. ಮೂವರು ಮನೆಯವರು, ಒಬ್ಬ ಅಲ್ಲಿಯ ಕಾವಲುಗಾರ. ಬರುತ್ತೇವೆ ಎಂದಿದ್ದ ಹೋಟೆಲಿನವರು, ಹಳೆಯ ಶಿಷ್ಯರು, ಸೊಸೆಯ ಆಫೀಸಿನವರು, ಎಲ್ಲರೂ ಹಡಪಸರದ ಕಡೆ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ಒಬ್ಬರಾದ ಮೇಲೊಬ್ಬರು ಫೋನು ಮಾಡುತ್ತಿದ್ದರು. ಪರದೆಯ ಸಂದಿನಿಂದ ಬೀಗರು ಇಣುಕಿ ನೋಡಿ, ಖಾಲಿ ಕುರ್ಚಿಗಳನ್ನು ಕಂಡು, ಪರದೆ ಬಿಟ್ಟರು. ಆ ಮುಖ ನನಗೆ ನೋಡಲಾಗಲಿಲ್ಲ. ಏಳುವವರು ಯಾರೂ ಇರಬಾರದೆಂದರೆ ಮೊದಲು ಕೂಡುವವರಾದರೂ ಇರಬೇಕಲ್ಲ.

ಖಡಕಿಗೆ ಫೋನು ಹಚ್ಚಿದೆ. ಭಾನುವಾರವಾದರೂ ನಮ್ಮ ಭಜನೆಯವರು ಅಂದು ಒಂದು ಪೂಜೆಗೆಂದು ಗುಡಿಯಲ್ಲೇ ಕೂಡಿದ್ದರು. ಮೂರೂಕಾಲಿಗೆ ಒಂದು ಟೆಂಪೋದಲ್ಲಿ ಮೂವತ್ತೆರಡು ಜನ ಬಂದಿಳಿದರು. ಧೋತರ, ಟೋಪಿ, ಹಸಿರು ಸೀರೆ, ತಾಳ, ಎಲ್ಲ ಸಮೇತ. ಎಲ್ಲರಿಗೂ ಹಿರಿಯರಾದವರು ನಮ್ಮ ಭಜನಾ ಅಜ್ಜ, ಎಂಬತ್ತೆರಡು ವರ್ಷ. ಬಾಗಿಲಲ್ಲೇ ನಿಲ್ಲಿಸಿ ಎಲ್ಲರಿಗೂ ಹೇಳಿದೆ, "ಇದು ಬ್ಯಾರೆ ನಮೂನಿ ಸೇವಾ. ತಾಳ ಹೊರಗಿಡ್ರಿ. ಹಾಡಬ್ಯಾಡ್ರಿ. ಚಪ್ಪಾಳಿ ಎಲ್ಲಿ ಹೊಡೀಬೇಕೋ ನನಗೂ ತಿಳಿಯೂದುಲ್ಲ, ಅದಕ್ಕ ಹೊಡೀಲೇಬ್ಯಾಡ್ರಿ. ಸುಮ್ಮ ಕೂಡ್ರಿ, ನಡುವ ಏಳಬ್ಯಾಡ್ರಿ."

"ನಡುವ ಏಳಲಿಕ್ಕೆ ನಾವೇನು ಸಿನಿಮಾಕ್ಕ ಬಂದೀವೇನು?" ಎಂದರು ಅಜ್ಜ. ಚಪ್ಪಲಿ ಸಾಲಾಗಿ ಹೊರಗೆ ಬಿಟ್ಟು, ಒಳಗೆ ಹೋಗಿ, ಕೈ ಮುಗಿದು ಕೂತರು.

ಪರದೆ ಸರಿಯಿತು. ಮುಂದಿನ ಕುರ್ಚಿಗಳೆಲ್ಲ ತುಂಬಿದ್ದನ್ನು ನೋಡಿ ಬೀಗರು ಕನ್ನಡಕ ಒರೆಸಿಕೊಂಡು ಕೂತರು. ಮೊದಲ ಹಾಡು ಬಾರಿಸಿದರು. ಯಾರೂ ಏಳಲಿಲ್ಲ. ಎರಡನೆಯದು, ಮೂರನೆಯದು. ಒಂದು ಕೆಮ್ಮೂ ಇಲ್ಲ. ತುಪ್ಪದ ಹಾಡು ಮುಗಿಯುವ ಹೊತ್ತಿಗೆ ಅವರ ಕಣ್ಣಲ್ಲಿ ನೀರು. ಐದೂ ಮುಗಿದವು. ಎದ್ದು ನಿಂತು ಬಗ್ಗಿ ನಮಸ್ಕಾರ ಮಾಡಿದರು. ನಮ್ಮವರೂ ಕೂತಲ್ಲೇ ತಿರುಗಿ ನಮಸ್ಕಾರ ಮಾಡಿದರು. ಯಾರೂ ಏಳಲಿಲ್ಲ.

ಬೀಗರು ಇನ್ನೊಮ್ಮೆ ಬಗ್ಗಿದರು. ಇವರೂ ಇನ್ನೊಮ್ಮೆ ಕೈ ಮುಗಿದರು. ಏಳಲಿಲ್ಲ.

ಬೀಗರು ಡ್ರಮ್ಮಿನವರ ಮುಖ ನೋಡಿ, ತಿರುಗಿ ಕೂತು, ಪೆಟ್ಟಿಗೆಯಿಂದ ಇನ್ನೊಂದು ಹಾಡು ತೆಗೆದರು. ಅದೂ ಮುಗಿಯಿತು, ಯಾರೂ ಏಳಲಿಲ್ಲ. ಮತ್ತೊಂದು. ಹಡಗಿನಲ್ಲಿ ಕಟ್ಟಿದ್ದು, ಮದುವೆಯಾದಾಗ ಕಟ್ಟಿದ್ದು, ಮಗಳು ಹುಟ್ಟಿದಾಗ ಕಟ್ಟಿದ್ದು, ಅರ್ಧಕ್ಕೆ ಬಿಟ್ಟದ್ದು. ಒಂದು ಗಂಟೆಯ ಕಾರ್ಯಕ್ರಮ ಎರಡೂವರೆ ಗಂಟೆ ದಾಟಿತು. ಬಾಸಿನವರು ಬೆರಳಿಗೆ ಪಟ್ಟಿ ಸುತ್ತಿಕೊಂಡರು. ಡ್ರಮ್ಮಿನವರು ನಡುವೆ ಒಮ್ಮೆ ಹಿಂದಿನ ಬಾಗಿಲಿಂದ ಹೊರಗೆ ಹೋಗಿ, ಮುಖ ತೊಳೆದು ಬಂದರು. ಬಂದು ನೋಡಿದರೆ ಒಬ್ಬರೂ ಅಲುಗಿರಲಿಲ್ಲ.

ಆಗ ಅಜ್ಜ ನನ್ನ ತೋಳು ಜಗ್ಗಿದರು. "ನಿಮ್ಮ ಬೀಗರು ದೊಡ್ಡ ಭಕ್ತರು, ಒಪ್ಪಿದೆ. ಆದರ ಮಂಗಳ ಯಾವಾಗ ಹಾಡ್ತಾರ? ನನಗ ಬಿ.ಪಿ. ಗುಳಿಗಿ ತಗೊಳ್ಳೂ ಹೊತ್ತು ಆತು."

ನನಗೆ ಆಗ ತಿಳಿಯಿತು. ನಮ್ಮ ಭಜನೆಯಲ್ಲಿ ಮಂಗಳ ಹಾಡದೆ ಯಾರೂ ಏಳುವ ಪದ್ಧತಿಯೇ ಇಲ್ಲ. ಮಂಗಳ ಆಗದೆ ಎದ್ದವರು ಸೇವೆ ಮುರಿದ ಹಾಗೆ. ಬೀಗರು ಮೂರು ದಿನ ಬಾರಿಸಿದರೂ ಇವರು ಹೀಗೇ ಕೈ ಮುಗಿದುಕೊಂಡು ಕೂತಿರುವವರು.

ಮೆಲ್ಲಗೆ ವೇದಿಕೆಯ ಬದಿಗೆ ಹೋದೆ. ಬೀಗರು ಬೆವರು ಒರೆಸಿಕೊಳ್ಳುತ್ತ ಪಿಸುಗುಟ್ಟಿದರು, "ಬೀಗರ, ಇವರು ಏಳವಲ್ರಲ್ರೀ! ಪೆಟ್ಟಿಗಿ ಖಾಲಿ ಆತು. ಇಂಥಾ ರಸಿಕರನ್ನ ನಾನು ಜನ್ಮದಾಗ ಕಂಡಿಲ್ಲ. ಈಗೇನು ಬಾರಸ್ಲಿ?"

ಆ ಮುಖದಲ್ಲಿ ಅಷ್ಟು ಬೆಳಕಿತ್ತು. ನಿಜ ಹೇಳುವ ಪಾಪ ನನಗೆ ಬೇಡವೆನಿಸಿತು. ದೇವರು ಕ್ಷಮಿಸಬೇಕು. "ಕಡೀಕ ಒಂದು ಮಂಗಳ ಬಾರಿಸಿಬಿಡ್ರಿ. ನಿಮ್ಮ ತಾಯಿಯವರು ಶುಕ್ರವಾರ ಆರತಿ ಮಾಡೂ ಮುಂದ ಹಾಡ್ತಿದ್ರು ಅಂತ ನೀವ ಹೇಳಿದ್ರಲ್ಲ, ಅಂಥಾದ್ದು" ಎಂದಷ್ಟೇ ಹೇಳಿದೆ.

ಬೀಗರು ಕಣ್ಣು ಮುಚ್ಚಿ, ನೆನಪಿನಿಂದ ತೆಗೆದು, ತಮ್ಮ ಜಾಝಿನ ಬಣ್ಣ ಹಚ್ಚಿ, ಬಹಳ ಭಾವದಿಂದ ಮಂಗಳ ಶುರು ಮಾಡಿದರು. ಮೊದಲ ಸಾಲು ಕಿವಿಗೆ ಬಿದ್ದದ್ದೇ ತಡ, ಮೂವತ್ತೆರಡು ಜನವೂ ಒಮ್ಮೆಲೇ ದಡಕ್ಕನೆ ಎದ್ದರು. ನಿಂತಲ್ಲೇ ಒಂದು ಸುತ್ತು ಪ್ರದಕ್ಷಿಣೆ ಹಾಕಿದರು, ಗಲ್ಲ ಗಲ್ಲ ಬಡಿದುಕೊಂಡರು, ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಬಾಗಿಲ ಕಡೆ ಹೊರಟೇಬಿಟ್ಟರು. ಮುಂದೆ ಅಜ್ಜ, ಕೈಯಲ್ಲಿ ಗುಳಿಗೆ. ಹೊರಗಿನಿಂದ, "ಅದು ನನ್ನ ಚಪ್ಪಲಿ, ನಿಮ್ಮದು ಅತ್ತಾಗದ!" ಎಂಬ ಗದ್ದಲ. ಮಂಗಳದ ಕಡೆಯ ಸ್ವರ ಮುಗಿದಾಗ ಮನೆಯವರನ್ನು ಬಿಟ್ಟರೆ ಸಭೆಯಲ್ಲಿ ಉಳಿದವನು ಕಾವಲುಗಾರ ಒಬ್ಬನೇ. ಅವನು ನಿದ್ದೆ ಹೋಗಿದ್ದ.

ರಿಕ್ಷಾದಲ್ಲಿ ಬೀಗರು ಖಾಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಗುತ್ತಿದ್ದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ನನಗೆ ನೋವಾಗಬಾರದೆಂದು ಮೆಲ್ಲಗೆ, ತೂಗಿ ತೂಗಿ ಹೇಳಿದರು:

"ಸಿಟ್ಟಾಗಬ್ಯಾಡ್ರಿ ಬೀಗರ. ನಾನು ಕಟ್ಟಿದ್ದು ಇಪ್ಪತ್ತಾರೂ ಹಾಡಿಗೆ ಒಂದು ಹುಳನೂ ಏಳಲಿಲ್ಲ. ನೀವು ಹೇಳಿದ್ದು ಒಂದ ಒಂದು ಬಾರಿಸಿದೆ ನೋಡ್ರಿ, ಮಂದಿ ಓಡಿಹೋದರು. ಇನ್ನ ಮುಂದ ಹಾಡು ಆರಿಸೂದು ನನಗ ಬಿಡ್ರಿ."